ಚಾಲಕನ ಕೊರಳು ಮತ್ತು ಬಾರುಕೋಲಿನ ಪೆಟ್ಟು

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ಗುಂಡ್ಲುಪೇಟೆಯನ್ನು ದಾರಿಗಳ ಊರೆಂದು ಕರೆದರೆ ತಪ್ಪಾಗಲಾರದು. ಇಲ್ಲಿ ಹೆದ್ದಾರಿಯು ಎರಡು ಕವಲಾಗಿ ಒಡೆಯುತ್ತದೆ. ೭೬೬ನೆಯ ಸಂಖ್ಯೆಯದು ಮದ್ದೂರು, ಮೂಲೆಹೊಳೆಗಳ ಮಾರ್ಗವಾಗಿ ಕೇರಳದ ಸುಲ್ತಾನ್ ಬತ್ತೇರಿಯತ್ತ ಸಾಗಿದರೆ, ೧೮೧ನೆಯದು ಬಂಡೀಪುರದ ಕಾಡನ್ನು ಹಾದು ನೀಲಗಿರಿಯನ್ನೇರುತ್ತದೆ. ತೆರಕಣಾಂಬಿಯ ಮೇಲೆ ಪೂರ್ವಕ್ಕೆ ಹೊರಟವರಿಗೆ ಚಾಮರಾಜನಗರ. ಅಲ್ಲಿಂದ ೯೪೮ನೆಯ ಹೆದ್ದಾರಿಯು ಪುಣಜನೂರು, ಹಾಸನೂರುಗಳನ್ನು ದಾಟಿ, ದಿಂಬಂ ಘಟ್ಟದ ೨೭ ಹೇರ್‌ಪಿನ್ ತಿರುವುಗಳಲ್ಲಿ ಸುತ್ತಿ ಸುತ್ತಿ ತಮಿಳುನಾಡಿನ ಬಯಲಿಗೆ ಇಳಿಯುತ್ತದೆ. ತರಕಾರಿ, ಅರಿಸಿನ, ಕರಿಕಲ್ಲು, ಊಟಿಯ ಪ್ರವಾಸಿಗರು, ಎಲ್ಲವೂ ಎಲ್ಲರೂ ಸಾಗುವುದು ಈ ದಾರಿಗಳ ಮೇಲೆಯೇ. ಹೀಗಿರಲು, ಈ ಎರಡು ತಾಲ್ಲೂಕುಗಳಲ್ಲಿ ಲಾರಿ, ಟೆಂಪೊ, ಬಾಡಿಗೆಯ ಕಾರುಗಳನ್ನು ಓಡಿಸಿ ಸಂಸಾರ ಸಾಗಿಸುವವರು ಅನೇಕರಿರುವುದು ಆಶ್ಚರ್ಯವಲ್ಲ.

ಈ ದಾರಿಗಳಿಗೆ ಮತ್ತೊಂದು ಲಕ್ಷಣವೂ ಉಂಟು. ಇಲ್ಲಿ ಮುಂದಿನ ವಾಹನವು ಯಾವ ಗಳಿಗೆಯಲ್ಲಿ ನಿಲ್ಲುವುದೆಂದು ಹೇಳಲಾಗದು. ಕಾಡಿನಲ್ಲಿ ಆನೆಯೊಂದು ಪೊದೆಯಿಂದ ಹೊರಬಂದು ರಸ್ತೆಯಂಚಿನಲ್ಲಿ ನಿಂತರೆ ಸಾಕು, ಸಾಲಿಗೆ ಸಾಲೇ ಬ್ರೇಕು ಒತ್ತುವುದು. ವನ್ಯಮೃಗಗಳ ರಕ್ಷಣೆಗೆಂದು ಹಾಕಿರುವ ರಸ್ತೆಯುಬ್ಬುಗಳು ಹೊಸಬರ ಕಣ್ಣಿಗೆ ತಡವಾಗಿ ಬೀಳುವುವು. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತಿನ ಹೊಲಗಳಲ್ಲಿ ಸೂರ್ಯಕಾಂತಿ ಅರಳಿದಾಗ, ಛಾಯಾಚಿತ್ರ ತೆಗೆಯುವ ಆತುರದಲ್ಲಿ ಹೆದ್ದಾರಿಯ ನಡುವೆಯೇ ಕಾರು ನಿಲ್ಲಿಸುವ ಮಹನೀಯರನ್ನು ನಾವೂ ಕಂಡಿದ್ದೇವೆ. ಇದರ ಮೇಲೆ, ೨೦೦೯ರಿಂದ ಬಂಡೀಪುರದ ಕಾಡುದಾರಿಗಳಲ್ಲಿ ರಾತ್ರಿ ೯ರಿಂದ ಬೆಳಿಗ್ಗೆ ೬ರ ವರೆಗೆ ಸಂಚಾರವಿಲ್ಲವಾದ್ದರಿಂದ, ಗೇಟು ಮುಚ್ಚುವ ಮುನ್ನ ತಲಪಬೇಕೆಂಬ ಧಾವಂತ ಬೇರೆ. ಮುಂದಿನವನು ತಟ್ಟನೆ ನಿಂತು ಹಿಂದಿನವನು ನಿಲ್ಲದೆ ಹೋದರೆ ಆಗುವುದೇನು?

ಒಬ್ಬ ಬಾಡಿಗೆ ಕಾರಿನ ಚಾಲಕನನ್ನು ಊಹಿಸಿಕೊಳ್ಳೋಣ. ನಿಂತಿದ್ದ ಅವನ ಕಾರಿಗೆ ಹಿಂದಿನಿಂದ ಒಂದು ಲಾರಿ ಗುದ್ದಿತು. ಗುದ್ದು ಭಾರಿಯದೇನಲ್ಲ, ಬಂಪರು ತಗ್ಗಾಯಿತು, ದೀಪವೊಂದು ಒಡೆಯಿತು, ರಕ್ತದ ಹನಿಯೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಕತ್ತು ಬಿಗಿದುಕೊಂಡಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲವೆಂದು ಹೇಳಿ ಮಾತ್ರೆ ಕೊಟ್ಟರು. ಆರು ತಿಂಗಳು ಕಳೆದರೂ ಅವನು ಬಲಕ್ಕೆ ತಿರುಗಿ ನೋಡಲಾರ. ಗಂಟೆಗಟ್ಟಲೆ ಓಡಿಸಿದರೆ ತಲೆಯ ಹಿಂಭಾಗದಿಂದ ನೋವು ಏರುವುದು. ಕೆಲವೊಮ್ಮೆ ರಸ್ತೆಯೇ ತೇಲಿದಂತೆ ಕಾಣುವುದು. ಮಾಲಿಕನು ನಂಬನು, ಮನೆಯವರೂ ಅರೆನಂಬಿಕೆಯಿಂದ ನೋಡುವರು. ಏಕೆಂದರೆ ತೋರಿಸಲು ಗಾಯವಿಲ್ಲ. ಚಾಲಕನ ಹೆಸರನ್ನು ಹೇಳುವ ಅಗತ್ಯವಿಲ್ಲ. ಇಂಥವರು ಲೋಕದ ಎಲ್ಲ ರಸ್ತೆಗಳ ಮೇಲೂ ಇದ್ದಾರೆ.

ಈ ಪೆಟ್ಟಿಗೆ ಇಂಗ್ಲಿಷಿನವರು ‘ವಿಪ್‌ಲ್ಯಾಶ್’ ಎನ್ನುತ್ತಾರೆ. ಎಂದರೆ ಚಾವಟಿಯ ಬೀಸು. ಎತ್ತಿನ ಗಾಡಿಯ ಬಾರುಕೋಲನ್ನು ಬಲ್ಲ ನಮ್ಮ ಸೀಮೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಹಿಡಿ ಮುಂದಕ್ಕೆ ಹೋದಾಗ ಬಾರಿನ ತುದಿ ಹಿಂದೆಯೇ ಉಳಿದು, ಬಳಿಕ ಒಮ್ಮೆಲೆ ಬೀಸಿ ಬರುವುದಷ್ಟೆ. ೧೯೨೮ರಲ್ಲಿ ಅಮೆರಿಕದ ಮೂಳೆವೈದ್ಯ ಹೆರಾಲ್ಡ್ ಕ್ರೋ ಈ ಮಾತನ್ನು ಬಳಕೆಗೆ ತಂದನು. ತಾನು ಹೇಳಿದ್ದು ಕತ್ತಿನ ಚಲನೆಯ ರೀತಿಯನ್ನು ಮಾತ್ರ. ಜನರು ಅದನ್ನೇ ರೋಗದ ಹೆಸರಾಗಿ ಮಾಡಿಕೊಂಡರೆಂದು ಅವನೇ ಮುಂದೆ ಪೇಚಾಡಿದ್ದುಂಟು. ಮೋಟಾರು ಗಾಡಿಗಳಿಗಿಂತ ಮೊದಲೇ ಈ ಬಗೆಯ ತಕರಾರು ಇತ್ತು. ೧೮೬೬ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ ರೈಲು ಅಪಘಾತಗಳಲ್ಲಿ ಹೊರಗೆ ಗಾಯವಿಲ್ಲದೆ ಬಹುಕಾಲ ನರಳಿದವರನ್ನು ಕುರಿತು ಗ್ರಂಥವನ್ನೇ ಬರೆದನು. ಇವರು ನಿಜವಾಗಿ ರೋಗಿಗಳೋ ಪರಿಹಾರಧನಕ್ಕಾಗಿ ನಟಿಸುವವರೋ ಎಂಬ ವಾದ ಅಂದೇ ಹುಟ್ಟಿತು. ಇಂದಿಗೂ ಪೂರ್ಣವಾಗಿ ಅಡಗಿಲ್ಲ.

ಭೌತವಿಜ್ಞಾನವನ್ನು ಪಾಠ ಹೇಳುವ ನಮಗೆ ಈ ಪ್ರಸಂಗದಲ್ಲಿ ಮೊದಲು ಕಾಣುವುದು ನ್ಯೂಟನ್ನನ ಒಂದನೆಯ ನಿಯಮ. ನಿಂತಿರುವ ವಸ್ತುವು ಬಲಪ್ರಯೋಗವಾಗುವ ತನಕ ನಿಂತೇ ಇರುತ್ತದೆ. ಗುದ್ದಿನಿಂದ ಕಾರಿಗೆ ಗಂಟೆಗೆ ೧೨ ಕಿಲೋಮೀಟರಿನ ವೇಗ ದೊರೆಯಿತೆನ್ನಿ. ಸೈಕಲ್ ಸವಾರನೂ ಈ ವೇಗದಲ್ಲಿ ಹೋಗಬಲ್ಲ. ಆದರೆ ವೇಗದಷ್ಟೇ ಮುಖ್ಯವಾದುದು ಅದು ಎಷ್ಟು ಕಾಲದಲ್ಲಿ ಒದಗಿತೆಂಬುದು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಒದಗಿದ್ದರೆ, ವೇಗೋತ್ಕರ್ಷವು ಭೂಮಿಯ ಗುರುತ್ವದ ಮೂರೂವರೆ ಪಟ್ಟಿನಷ್ಟಾಗುತ್ತದೆ. ಈ ಅಲ್ಪಕಾಲದಲ್ಲಿ ಆಸನವು ಸುಮಾರು ೧೭ ಸೆಂಟಿಮೀಟರು, ಎಂದರೆ ಒಂದು ಗೇಣಿಗೆ ತುಸು ಕಡಮೆ, ಮುಂದಕ್ಕೆ ಹೋಗಿರುತ್ತದೆ. ಬೆನ್ನು ಆಸನಕ್ಕೆ ಒರಗಿರುವುದರಿಂದ ಅದೂ ಜೊತೆಗೆ ಹೋಗಲೇಬೇಕು. ತಲೆ? ಅದನ್ನು ಹಿಂದಿನಿಂದ ತಳ್ಳುವವರು ಯಾರೂ ಇಲ್ಲ. ನಾಲ್ಕೂವರೆ ಕಿಲೋಗ್ರಾಮಿನಷ್ಟು ತೂಗುವ ಆ ಗುಂಡು ತನ್ನ ಜಡತ್ವದಿಂದ ಇದ್ದಲ್ಲಿಯೇ ಇರಲು ಬಯಸುತ್ತದೆ. ಅದನ್ನು ದೇಹದೊಡನೆ ಎಳೆದೊಯ್ಯುವ ಕೆಲಸ ಕತ್ತಿನ ಪಾಲಿಗೆ ಬೀಳುತ್ತದೆ. ಆ ಸೆಳೆತವು ಸುಮಾರು ೧೫ ಕಿಲೋಗ್ರಾಮಿನ ಮೂಟೆಯೊಂದನ್ನು ಕತ್ತಿಗೆ ತೂಗುಹಾಕಿದಷ್ಟು. ಅದೂ ನೆಟ್ಟಗಲ್ಲ, ಅಡ್ಡಲಾಗಿ.

ಕತ್ತು ಹಿಂದಕ್ಕೆ ಬಾಗಿ ಅನಂತರ ಮುಂದಕ್ಕೆ ಬಾಗುತ್ತದೆ, ಅಷ್ಟೇ ಎಂದು ಬಹುಕಾಲ ಎಲ್ಲರೂ ಭಾವಿಸಿದ್ದರು. ೧೯೯೦ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮನೋಹರ ಪಂಜಾಬಿ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಬೇರೊಂದು ಸಂಗತಿ ಗೋಚರಿಸಿತು. ಗುದ್ದಿನ ಮೊದಲ ೫೦ರಿಂದ ೭೫ ಮಿಲಿಸೆಕೆಂಡುಗಳಲ್ಲಿ ಕತ್ತಿನ ಏಳು ಮಣಿಗಳು ಒಂದೇ ದಿಕ್ಕಿಗೆ ಬಾಗುವುದಿಲ್ಲ. ಕೆಳಗಿನವು ಹಿಂದಕ್ಕೂ ಮೇಲಿನವು ಮುಂದಕ್ಕೂ ಬಾಗಿ, ಕತ್ತು ಹಾವಿನ ಹರಿದಾಟದಂತೆ ಎರಡು ಬಳುಕಾಗಿ ನಿಲ್ಲುತ್ತದೆ. ತಲೆ ಹೊರಗಿನಿಂದ ನೋಡುವವರಿಗೆ ಇನ್ನೂ ಅಲುಗಿದಂತೆಯೇ ಕಾಣದಿರುವಾಗ, ಒಳಗೆ ಕೆಳಮಣಿಗಳ ಹಿಂಬದಿಯ ಸಣ್ಣ ಕೀಲುಗಳು ತಮ್ಮ ಎಂದಿನ ಎಲ್ಲೆಯನ್ನು ಮೀರಿ ಜಜ್ಜಿಸಿಕೊಳ್ಳುತ್ತವೆ. ಸ್ನಾಯುಗಳು ಕಾಪಾಡಲಾರವೆ? ಅವು ಎಚ್ಚರಗೊಳ್ಳಲು ೭೦ರಿಂದ ೧೦೦ ಮಿಲಿಸೆಕೆಂಡು ಬೇಕು. ಬಿಗಿದು ಬಲ ತೋರಲು ಮತ್ತಷ್ಟು ಹೊತ್ತು. ಕಳ್ಳನು ಹೋದ ಮೇಲೆ ನಾಯಿ ಬೊಗಳಿದಂತಾಯಿತು.

ಎಕ್ಸ್‌ರೇ ಚಿತ್ರದಲ್ಲಿ ಏನೂ ಕಾಣದಿರುವುದಕ್ಕೂ ಇಲ್ಲಿಯೇ ಉತ್ತರವಿದೆ. ಆ ಕಿರಣಗಳು ಸುಣ್ಣದ ಅಂಶವುಳ್ಳ ಮೂಳೆಯನ್ನು ಸ್ಪಷ್ಟವಾಗಿ ತೋರಿಸುವುವು. ಕೀಲಿನ ಚೀಲ, ಅಸ್ಥಿರಜ್ಜು, ಸ್ನಾಯು ಇವು ಅವುಗಳಿಗೆ ಹೆಚ್ಚುಕಡಮೆ ಪಾರದರ್ಶಕ. ೧೯೯೦ರ ದಶಕದಲ್ಲಿಯೇ ಆಸ್ಟ್ರೇಲಿಯದ ನ್ಯೂಕ್ಯಾಸಲ್ ನಗರದಲ್ಲಿ ನಿಕೊಲಾಯ್ ಬೊಗ್ಡುಕ್ ಮತ್ತು ಸಂಗಡಿಗರು ಆ ಸಣ್ಣ ಕೀಲುಗಳ ನರಗಳಿಗೆ ಮಾತ್ರ ಮರವೆಯ ಮದ್ದು ಚುಚ್ಚಿ ನೋಡಿದರು. ಬಹುಕಾಲದಿಂದ ನರಳುತ್ತಿದ್ದವರಲ್ಲಿ ಸುಮಾರು ಅರ್ಧ ಮಂದಿಯ ನೋವು ತಾತ್ಕಾಲಿಕವಾಗಿ ಮಾಯವಾಯಿತು. ರೋಗಿಗೆ ಯಾವ ಮದ್ದು ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ತಿಳಿಸದೆ, ಅಲ್ಪಕಾಲದ ಮದ್ದನ್ನೂ ದೀರ್ಘಕಾಲದ ಮದ್ದನ್ನೂ ಬೇರೆ ಬೇರೆ ದಿನ ಪ್ರಯೋಗಿಸಿ ತಾಳೆ ನೋಡಿದ್ದರಿಂದ, ನಟನೆಯ ಶಂಕೆಗೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ. ಪೆಟ್ಟು ತಿಂದವರಲ್ಲಿ ಬಹಳ ಮಂದಿ ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆದರೆ ವರ್ಷ ಕಳೆದ ಮೇಲೂ ಒಂದಲ್ಲ ಒಂದು ಪ್ರಮಾಣದ ಕತ್ತುನೋವು ಉಳಿದಿದೆ ಎನ್ನುವವರು ಸುಮಾರು ಅರ್ಧದಷ್ಟು ಇರುವರೆಂದು ೨೦೦೮ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ತಿಳಿಸಿತು.

ಇನ್ನು ಗಾಡಿ ಓಡಿಸುವ ವಿಷಯಕ್ಕೆ ಬರೋಣ. ಆರೋಗ್ಯವಂತನ ಕತ್ತು ಎಡಬಲಗಳಿಗೆ ಸುಮಾರು ೮೦ ಡಿಗ್ರಿ ತಿರುಗುವುದು; ಇದರಲ್ಲಿ ಅರ್ಧದಷ್ಟು ತಿರುಗಾಟ ಮೇಲಿನ ಎರಡೇ ಮಣಿಗಳ ನಡುವೆ ನಡೆಯುವುದು ಒಂದು ಸೋಜಿಗ. ಇದಕ್ಕೆ ಕಣ್ಣುಗುಡ್ಡೆಯ ಹೊರಳು ೪೦ ಡಿಗ್ರಿ, ಸೊಂಟದ ತಿರುವು ೩೦ ಡಿಗ್ರಿ ಸೇರಿಸಿದರೆ ೧೫೦ ಡಿಗ್ರಿಯಾಯಿತು. ಈಗ ಹೊಲದ ಕಡೆಯಿಂದ ಬಂದ ಊರದಾರಿಯೊಂದು ಹೆದ್ದಾರಿಯನ್ನು ೩೦ ಡಿಗ್ರಿಯ ಓರೆಯಲ್ಲಿ ಎಡಗಡೆಯಿಂದ ಕೂಡಿಕೊಳ್ಳುತ್ತದೆ ಎನ್ನಿ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಬಸ್ಸನ್ನು ನೋಡಬೇಕಾದರೆ ಚಾಲಕನು ಬಲಕ್ಕೆ ಸರಿಯಾಗಿ ಆ ೧೫೦ ಡಿಗ್ರಿಯಷ್ಟೇ ತಿರುಗಬೇಕು. ಆರೋಗ್ಯವಂತನಿಗೂ ಇದು ಹೊರೆಯೇ. ಕತ್ತು ೪೦ ಡಿಗ್ರಿಗೆ ಬಿಗಿದು, ಬೆಲ್ಟಿನಿಂದಲೂ ನೋವಿನ ಭಯದಿಂದಲೂ ಸೊಂಟ ೨೦ಕ್ಕೆ ನಿಂತವನಿಗೆ ದಕ್ಕುವುದು ೧೦೦ ಡಿಗ್ರಿ ಮಾತ್ರ. ಉಳಿದ ೫೦ ಡಿಗ್ರಿಯ ಕತ್ತಲಲ್ಲಿ ಏನು ಬರುತ್ತಿದೆಯೋ ದೇವರೇ ಬಲ್ಲ. ಆದರೆ ಅವನು ಕೂಡುವ ಸ್ಥಳಕ್ಕೆ ಮೊದಲೇ ನಿಧಾನಿಸಿ, ಗಾಡಿಯನ್ನು ಹೆದ್ದಾರಿಗೆ ಲಂಬವಾಗಿ ತಿರುಗಿಸಿ ನಿಲ್ಲಿಸಿದನಾದರೆ, ನೋಡಬೇಕಾದ ಕೋನವು ೯೦ಕ್ಕೆ ಇಳಿಯುತ್ತದೆ. ಕತ್ತು ಮಾಡಲಾರದ ಕೆಲಸವನ್ನು ಚಕ್ರಗಳು ಮಾಡಿಕೊಟ್ಟಂತಾಯಿತು.

ಕನ್ನಡಿಗಳಿವೆಯಲ್ಲ ಎಂದು ವಾಚಕರು ಕೇಳಬಹುದು. ಇವೆ, ಆದರೆ ಅವುಗಳ ಗುಣದೋಷಗಳನ್ನು ತಿಳಿದು ನಂಬಬೇಕು. ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಪೀನದರ್ಪಣಗಳು, ಎಂದರೆ ಹೊರಗುಬ್ಬಿದವು. ಅವು ಹೆಚ್ಚು ಅಗಲದ ನೋಟವನ್ನು ಹಿಡಿದು ಕೊಡುವುವು, ಬದಲಿಗೆ ಬಿಂಬವನ್ನು ಕುಗ್ಗಿಸುವುವು. ೧೨೦ ಸೆಂಟಿಮೀಟರು ವಕ್ರತಾತ್ರಿಜ್ಯವುಳ್ಳ ಕನ್ನಡಿ ಕಣ್ಣಿನಿಂದ ೮೦ ಸೆಂಟಿಮೀಟರು ದೂರದಲ್ಲಿದ್ದರೆ, ಅದರ ಹಿಂದೆ ೨೦ ಮೀಟರಿನಲ್ಲಿರುವ ಕಾರು ಗಾತ್ರದಲ್ಲಿ ೪೭ ಮೀಟರು ದೂರದ ಕಾರಿನಂತೆ ತೋರುವುದು. ಲೆಕ್ಕವು ಪದವಿಪೂರ್ವ ತರಗತಿಯದೇ. ಆಸಕ್ತ ವಿದ್ಯಾರ್ಥಿಗಳು ಮಾಡಿ ನೋಡಬಹುದು. ತಿರುಗಿ ನೋಡಿ ದೃಢಪಡಿಸಿಕೊಳ್ಳಬಲ್ಲವನಿಗೆ ಈ ಭ್ರಮೆಯಿಂದ ಹಾನಿ ಕಡಮೆ; ಕನ್ನಡಿಯೊಂದನ್ನೇ ನಂಬಿದವನು ದಾರಿ ಬದಲಿಸುವ ಮುನ್ನ ಒಳಗಿನ ಚಪ್ಪಟೆ ಕನ್ನಡಿಯೊಡನೆ ಹೋಲಿಸಿ ನೋಡಲೇಬೇಕು. ಇನ್ನೊಂದು ಸಂಗತಿ: ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ನೋಟದ ರೇಖೆ ಎರಡು ಡಿಗ್ರಿ ತಿರುಗುತ್ತದೆ. ಪಕ್ಕದ ಕನ್ನಡಿಯಲ್ಲಿ ತನ್ನ ಕಾರಿನ ಮೈಯೇ ಅರ್ಧ ತುಂಬಿರುವಂತೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅದನ್ನು ಹೊರಕ್ಕೆ ಕೆಲವೇ ಡಿಗ್ರಿ ತಿರುಗಿಸಿದರೂ, ಹಿಂದೆ ಕಾಣದೆ ಅಡಗುತ್ತಿದ್ದ ದ್ವಿಚಕ್ರವಾಹನವು ನೋಟಕ್ಕೆ ಸಿಕ್ಕೀತು. ಹಿಂಬದಿಗೆ ಓಡಿಸುವಾಗ ನೆರವಾಗುವ ಕ್ಯಾಮರಾಗಳು ಈಗ ಬಂದಿವೆ. ಬಿಗಿಗೊರಳಿನವನಿಗೆ ಅದು ಶೋಕಿಯ ಸಾಮಾನಲ್ಲ.

ತಿರುಗಲಾರದಿರುವುದಷ್ಟೇ ತೊಂದರೆಯೆಂದು ಎಣಿಸಿದರೆ ವಿಷಯದ ಅರ್ಧವನ್ನು ಮಾತ್ರ ತಿಳಿದಂತೆ. ಕತ್ತು ತಲೆಯನ್ನು ಹೊರುವ ಕಂಬ ಮಾತ್ರವಲ್ಲ, ಒಂದು ಜ್ಞಾನೇಂದ್ರಿಯವೂ ಹೌದು. ತಲೆಬುರುಡೆಯ ಬುಡದಲ್ಲಿರುವ ಪುಟ್ಟ ಸ್ನಾಯುಗಳಲ್ಲಿ, ಎಳೆತವನ್ನು ಅಳೆದು ಮಿದುಳಿಗೆ ವರದಿ ಮಾಡುವ ನೂಲುಗಳು ಅತ್ಯಂತ ದಟ್ಟವಾಗಿವೆ. ಒಳಗಿವಿಯ ಸಮತೋಲನಾಂಗ, ಕಣ್ಣು, ಕತ್ತು ಈ ಮೂರರ ವರದಿಗಳು ಹೊಂದಿಕೊಂಡರೆ ಮಾತ್ರ ಲೋಕವು ನಮಗೆ ಸ್ಥಿರವಾಗಿ ಕಾಣುವುದು. ಪೆಟ್ಟು ತಿಂದ ಕತ್ತು ತಪ್ಪು ವರದಿ ಕಳುಹಿಸತೊಡಗಿದರೆ ತಲೆ ತಿರುಗಿದಂತೆ, ಅಕ್ಷರ ಕುಣಿದಂತೆ, ರಸ್ತೆ ತೇಲಿದಂತೆ ಅನಿಸುತ್ತದೆ. ಇದನ್ನು ಅಳೆಯುವ ಸರಳವಾದ ಉಪಾಯವೊಂದನ್ನು ೧೯೯೧ರಲ್ಲಿ ಫ್ರಾನ್ಸಿನ ರೆವೆಲ್ ಎಂಬ ವೈದ್ಯನು ಪ್ರಕಟಿಸಿದನು. ರೋಗಿಯ ತಲೆಗೆ ಬೆಳಕಿನ ಕಿರಣ ಬೀರುವ ಸಾಧನವನ್ನು ಕಟ್ಟಿ, ೯೦ ಸೆಂಟಿಮೀಟರು ದೂರದ ಗೋಡೆಯ ಗುರುತಿಗೆ ಅದನ್ನು ಹಿಡಿಸಿ, ಕಣ್ಣು ಮುಚ್ಚಿ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತರಲು ಹೇಳುವುದು. ಸರಾಸರಿ ತಪ್ಪು ನಾಲ್ಕೂವರೆ ಡಿಗ್ರಿಗಿಂತ ಹೆಚ್ಚಾದರೆ ಕತ್ತಿನ ಅರಿವು ಕೆಟ್ಟಿದೆ ಎಂದು ಎಣಿಸುವರು. ಗೋಡೆಯ ಮೇಲೆ ಅದು ಏಳು ಸೆಂಟಿಮೀಟರು. ಒಂದು ಅಡಿಕೋಲು, ಒಂದು ಟಾರ್ಚು ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದಾದ ಪರೀಕ್ಷೆ.

ನೋವು ಗಮನವನ್ನು ಕದಿಯುವುದೆಂಬುದು ಹಲ್ಲುನೋವು ಬಂದವರಿಗೆಲ್ಲ ತಿಳಿದ ಸಂಗತಿ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಹೋಗುವಾಗ ಎರಡು ಸೆಕೆಂಡು ಮನಸ್ಸು ಕತ್ತಿನ ಕಡೆಗೆ ಹೋದರೆ ಗಾಡಿಯು ೩೩ ಮೀಟರು ಯಾರ ಲಕ್ಷ್ಯವೂ ಇಲ್ಲದೆ ಓಡಿರುತ್ತದೆ. ನೋವಿಗೆಂದು ಕೊಡುವ ಕೆಲವು ಮಾತ್ರೆಗಳು ತೂಕಡಿಕೆ ತರುವುವು. ವೈದ್ಯರಿಗೆ ತಾನು ಚಾಲಕನೆಂದು ಹೇಳದಿರುವುದು ಅಪಾಯಕರ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಹಿರೋಷಿ ತಕಸಾಕಿ, ಜೂಲಿಯಾ ಟ್ರೆಲೀವನ್, ಗ್ವೆಂಡೊಲೆನ್ ಜುಲ್ ಮೊದಲಾದವರು ಈ ರೋಗಿಗಳ ವಾಹನಚಾಲನೆಯ ಕಷ್ಟಗಳನ್ನೇ ವಿಷಯವಾಗಿಟ್ಟುಕೊಂಡು ಅಭ್ಯಾಸ ಮಾಡಿ, ೨೦೧೨ರಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಕತ್ತು ಎಷ್ಟು ತಿರುಗುತ್ತದೆ ಎಂಬುದರ ಜೊತೆಗೆ ನೋವು, ತಲೆಸುತ್ತು, ಆಯಾಸ, ಮನಸ್ಸಿನ ಅಳುಕು ಇವೂ ಸೇರಿ ಚಾಲಕನನ್ನು ಕಾಡುತ್ತವೆ ಎಂಬುದು ಅಂಥ ಅಭ್ಯಾಸಗಳ ದೃಷ್ಟಿ. ಅಳುಕನ್ನು ಹಗುರವಾಗಿ ಕಾಣಬಾರದು: ಹಿಂದಿನಿಂದ ಒಮ್ಮೆ ಗುದ್ದಿಸಿಕೊಂಡವನು ಮುಂದೆ ರಸ್ತೆಗಿಂತ ಹೆಚ್ಚಾಗಿ ಹಿಂಗನ್ನಡಿಯನ್ನೇ ನೋಡುತ್ತಿರುವುದುಂಟು.

ನಮ್ಮ ದಾರಿಗಳು ಇದಕ್ಕೆ ತಮ್ಮ ಪಾಲನ್ನೂ ಸೇರಿಸುತ್ತವೆ. ಕುಳಿತ ಮಾನವದೇಹವು ಸೆಕೆಂಡಿಗೆ ನಾಲ್ಕಾರು ಬಾರಿ ಮೇಲೆ ಕೆಳಗೆ ಕುಲುಕಿದಾಗ ಅನುರಣನೆಗೊಂಡು ಹೆಚ್ಚು ಅದುರುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಲಾರಿಯ ಆಸನ ಕುಲುಕುವುದೂ ಬಹುಮಟ್ಟಿಗೆ ಈ ವ್ಯಾಪ್ತಿಯಲ್ಲಿಯೇ. ದಿಂಬಂ ಘಟ್ಟದಂಥ ಕಡೆ, ೧೫ ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ ೨೦ ಕಿಲೋಮೀಟರಿನಲ್ಲಿ ಸುತ್ತಿದರೂ ತಲೆಯನ್ನು ಒಂದು ಕಿಲೋಗ್ರಾಮಿನಷ್ಟು ಬಲ ಹೊರಕ್ಕೆ ಸೆಳೆದಂತಾಗುವುದು. ಅದೇ ಹೊತ್ತಿಗೆ ಎದುರು ಬರುವ ಲಾರಿಗಾಗಿ ತಿರುವಿನ ಒಳಗಡೆಗೆ ಕತ್ತು ತಿರುಗಿಸಿ ನೋಡಬೇಕು. ಹೀಗೆ ಇಪ್ಪತ್ತೇಳು ಸಲ. ಬಂಡೀಪುರದ ದಾರಿ ಸಮತಟ್ಟಾದರೂ ಅಲ್ಲಿ ಬೇರೊಂದು ಕಷ್ಟ: ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಅರ್ಧ ಗಂಟೆಗೊಮ್ಮೆ ಇಳಿದು ಮೈ ಸಡಿಲಿಸಿಕೊಳ್ಳಬೇಕಾದವನು ಗುಂಡ್ಲುಪೇಟೆಯಲ್ಲಿಯೇ ಆ ಕೆಲಸ ಮುಗಿಸಿ ಹೊರಡತಕ್ಕದ್ದು. ಒಂಬತ್ತು ಗಂಟೆಯ ಗೇಟಿಗಾಗಿ ವಿಶ್ರಾಂತಿಯನ್ನು ಬಿಡುವ ಚಾಲಕನು ಸಂಜೆಯ ಬಾಡಿಗೆಯನ್ನೇ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ; ಹೊಟ್ಟೆಪಾಡಿನವನಿಗೆ ಈ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟ ಎಂಬುದನ್ನು ಬಲ್ಲೆವು.

ಚಿಕಿತ್ಸೆಯ ವಿಚಾರದಲ್ಲಿ ವೈದ್ಯರ ಮತ ಬದಲಾಗಿದೆ. ಹಿಂದೆ ಕತ್ತುಪಟ್ಟಿ ಕಟ್ಟಿ ವಾರಗಟ್ಟಲೆ ಅಲುಗದಂತಿರಿಸುತ್ತಿದ್ದರು. ಮೂಳೆ ಮುರಿಯದ ಪಕ್ಷದಲ್ಲಿ, ತಾಳುವಷ್ಟು ಮಟ್ಟಿಗೆ ಕತ್ತನ್ನು ಬೇಗನೆ ಆಡಿಸತೊಡಗುವುದೇ ಮೇಲೆಂದು ಈಗ ಒಪ್ಪಿದ್ದಾರೆ. ಕತ್ತಿನ ಮುಂಭಾಗದ ಆಳದ ಸ್ನಾಯುಗಳಿಗೆ ಮೆಲ್ಲನೆಯ ವ್ಯಾಯಾಮ, ತಲೆಯನ್ನು ಗುರುತಿಗೆ ಹಿಡಿಯುವ ಅಭ್ಯಾಸ, ಒಂದು ಬಿಂದುವನ್ನು ನೋಡುತ್ತಲೇ ತಲೆ ತಿರುಗಿಸುವ ಅಭ್ಯಾಸ, ಇವುಗಳನ್ನು ಅಂಗಮರ್ದನ ಬಲ್ಲವರಲ್ಲ, ಫಿಸಿಯೋಥೆರಪಿ ಕಲಿತವರು ಹೇಳಿಕೊಡಬೇಕು. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ಮುರಿಸಿಕೊಳ್ಳುವ ಪದ್ಧತಿಯನ್ನಂತೂ ಇವರು ದೂರದಿಂದಲೇ ಕೈಮುಗಿದು ಬಿಡಬೇಕು. ಮಣಿಗಳ ನಡುವೆ ಮಿದುಳಿಗೆ ರಕ್ತವೊಯ್ಯುವ ಧಮನಿಗಳು ಹಾದುಹೋಗುತ್ತವೆ. ಕೈ ಜೋಮು ಹಿಡಿಯುವುದು, ಹಿಡಿತ ಸೋಲುವುದು, ನಡಿಗೆ ತೊಡರುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಪೆಟ್ಟು ಬೀಳದಂತೆ ತಡೆಯುವ ಸಾಧನ ನಮ್ಮ ತಲೆಯ ಹಿಂದೆಯೇ ಇದೆ. ಆಸನದ ಮೇಲ್ಗಡೆಯ ದಿಂಬನ್ನು ಒರಗಿ ನಿದ್ದೆ ಮಾಡಲು ಇಟ್ಟಿದ್ದಾರೆಂದು ಹಲವರು ತಿಳಿದಿದ್ದಾರೆ. ಆಸನವು ಮುಂದಕ್ಕೆ ನುಗ್ಗಿದಾಗ ತಲೆಯನ್ನೂ ಜೊತೆಗೇ ತಳ್ಳಿ, ಕತ್ತಿನ ಪಾಲಿನ ಕೆಲಸವನ್ನು ತಾನು ಮಾಡುವುದು ಅದರ ಉದ್ದೇಶ. ಅಮೆರಿಕದಲ್ಲಿ ೧೯೬೯ರ ಜನವರಿಯಿಂದ ಕಾರುಗಳಲ್ಲಿ ಅದನ್ನು ಕಡ್ಡಾಯ ಮಾಡಿದರು. ಸ್ವೀಡನ್ನಿನ ಎರಡು ಕಾರ್ಖಾನೆಗಳು ೧೯೯೦ರ ದಶಕದ ಕೊನೆಯಲ್ಲಿ ಗುದ್ದಿದೊಡನೆ ತಾನಾಗಿ ಹೊಂದಿಕೊಳ್ಳುವ ಆಸನಗಳನ್ನು ತಂದುವು. ದಿಂಬಿನ ಮೇಲಂಚು ನೆತ್ತಿಯ ಮಟ್ಟಕ್ಕೆ, ಕಡೆಯ ಪಕ್ಷ ಕಿವಿಯ ಮೇಲಂಚಿನ ಮಟ್ಟಕ್ಕಾದರೂ ಇರಬೇಕು. ತಲೆಗೂ ಅದಕ್ಕೂ ನಡುವಿನ ಅಂತರ ನಾಲ್ಕೈದು ಸೆಂಟಿಮೀಟರನ್ನು ಮೀರಬಾರದು. ಹಿಂದೆ ಲೆಕ್ಕ ಹಾಕಿದ ೧೭ ಸೆಂಟಿಮೀಟರನ್ನು ನೆನೆದರೆ ಈ ಅಂತರದ ಮಹತ್ವ ತಿಳಿಯುವುದು. ಆಸನವನ್ನು ಬಹಳ ಹಿಂದಕ್ಕೆ ಒರಗಿಸಿ ಓಡಿಸುವವರಲ್ಲಿ ದಿಂಬಿದ್ದೂ ಇಲ್ಲದಂತೆಯೇ. ಎತ್ತರದ ದಿಂಬೇ ಇಲ್ಲದ ಹಳೆಯ ಲಾರಿ, ಟೆಂಪೊಗಳ ಮಾತು ಬೇರೆ. ಅಲ್ಲಿ ಮುಂದಿನ ಗಾಡಿಗೂ ತನಗೂ ಸಾಕಷ್ಟು ಅಂತರ ಬಿಟ್ಟು, ತಟ್ಟನೆ ಬ್ರೇಕು ಒತ್ತಬೇಕಾಗದಂತೆ ನಡೆಸುವುದೊಂದೇ ಉಪಾಯ.

ಕೊನೆಗೆ ಪರಿಹಾರದ ಮಾತು. ಅಪಘಾತದಲ್ಲಿ ನೊಂದವನು ೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ದೇಹದ ಊನ ಶೇಕಡಾ ಎಷ್ಟೆಂಬುದೇ ಗಳಿಕೆಯ ನಷ್ಟವೂ ಆಗಬೇಕಾಗಿಲ್ಲ, ನೊಂದವನ ಕಸುಬನ್ನು ನೋಡಿ ನಷ್ಟವನ್ನು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರ ತೀರ್ಪೊಂದರಲ್ಲಿ ವಿವರಿಸಿದೆ. ಎಡಗೈ ಹೋದರೆ ಗುಮಾಸ್ತೆಗೆ ಆಗುವ ನಷ್ಟವೇ ಬೇರೆ, ಚಾಲಕನಿಗೆ ಆಗುವುದೇ ಬೇರೆ. ಬಿಗಿದ ಕತ್ತಿಗೂ ಇದೇ ತರ್ಕ ಸಲ್ಲುವುದು. ಮೇಜಿನ ಮುಂದೆ ಕುಳಿತು ಬರೆಯುವವನು ೪೦ ಡಿಗ್ರಿ ತಿರುಗುವ ಕೊರಳಿನಿಂದ ಹೇಗೋ ಕಾಲ ಹಾಕಿಯಾನು. ಗುಂಡ್ಲುಪೇಟೆಯ ಕವಲಿನಲ್ಲಿ ಲಾರಿ ತಿರುಗಿಸುವವನು ಹಾಕಲಾರ. ಆದಕಾರಣ ವೈದ್ಯರ ಪ್ರಮಾಣಪತ್ರದಲ್ಲಿ ‘ಕತ್ತುನೋವು’ ಎಂಬ ಒಂದೇ ಮಾತು ಸಾಲದು. ಎಡಕ್ಕೆ ಎಷ್ಟು ಡಿಗ್ರಿ, ಬಲಕ್ಕೆ ಎಷ್ಟು ಡಿಗ್ರಿ, ಕಣ್ಣು ಮುಚ್ಚಿ ಗುರುತಿಗೆ ಮರಳುವಾಗ ಎಷ್ಟು ಸೆಂಟಿಮೀಟರಿನ ತಪ್ಪು, ಎಷ್ಟು ನಿಮಿಷ ಓಡಿಸಿದ ಮೇಲೆ ನೋವು ಏರುತ್ತದೆ, ಇವನ್ನು ಅಳೆದು ಬರೆಯಿಸಿಕೊಳ್ಳಬೇಕು.